ಒಂದೇ ಮನೆಯ ಮೂರು ವೇತನಗಳು

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ರೈತ. ಎರಡು ಎಕರೆ ಕಬ್ಬು ಇದೆ. ಸೀಸನ್ನಿನಲ್ಲಿ ಆಲೆಮನೆಗೆ ದಿನಗೂಲಿಗೂ ಹೋಗುತ್ತೇನೆ. ಪತ್ನಿ ಅಂಗನವಾಡಿ ಸಹಾಯಕಿ. ತಾಯಿಗೆ ವೃದ್ಧಾಪ್ಯ ವೇತನ ಬರುತ್ತದೆ. ಮೈಸೂರಿನಲ್ಲಿ ವಿದ್ಯಾರ್ಥಿ ವೇತನದ ನೆರವಿನಿಂದ ಓದುತ್ತಿರುವ ಮಗಳು ಹೊರದೇಶದ ವಿಶ್ವವಿದ್ಯಾನಿಲಯವೊಂದಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಹಣಕಾಸಿನ ನೆರವಿನ ಫಾರಂನಲ್ಲಿ ‘ಇನ್‌ಕಮ್’, ‘ಅರ್ನಿಂಗ್ಸ್’, ‘ಸ್ಯಾಲರಿ’, ‘ವೇಜಸ್’ ಎಂದು ಬೇರೆ ಬೇರೆ ಕಾಲಂಗಳಿವೆ. ನಿಘಂಟು ತೆಗೆದರೆ ಎಲ್ಲಕ್ಕೂ ಸಂಬಳ, ವೇತನ, ವರಮಾನ ಎಂದೇ ಇದೆ. ಮನೆಯ ಪರಿಸ್ಥಿತಿ ವಿವರಿಸಲು ಒಂದು ಪುಟ ಬಿಟ್ಟಿದ್ದಾರೆ. ಅಲ್ಲಿ ‘ಪೂರ್’ ಎಂದು ಬರೆಯಬೇಕೇ, ‘ಡೆಸ್ಟಿಟ್ಯೂಟ್’ ಎಂದರೆ ಹೆಚ್ಚು ಪರಿಣಾಮವಾಗುತ್ತದೆಯೇ?

ಉತ್ತರ: ನಿಘಂಟಿನ ಮೇಲೆ ಬೇಸರ ಮಾಡಿಕೊಳ್ಳಬೇಡಿ. ತೊಡಕಿನ ಬಹುಪಾಲು ಇರುವುದು ಇಂಗ್ಲಿಷಿನಲ್ಲಲ್ಲ, ‘ವೇತನ’ ಎಂಬ ನಮ್ಮ ಕಚೇರಿ ಕನ್ನಡದ ಪದದಲ್ಲಿ. ನಿಮ್ಮ ಮನೆಯನ್ನೇ ತೆಗೆದುಕೊಳ್ಳಿ. ತಾಯಿಯವರಿಗೆ ಬರುವುದು ವೃದ್ಧಾಪ್ಯ ವೇತನ; ಮಗಳಿಗೆ ಬರುವುದು ವಿದ್ಯಾರ್ಥಿ ವೇತನ; ನಿಮ್ಮ ದಿನಗೂಲಿಯ ಬಗ್ಗೆ ಕಾನೂನು ಮಾತನಾಡುವಾಗ ಬಳಸುವುದು ಕನಿಷ್ಠ ವೇತನ. ಇಂಗ್ಲಿಷಿನಲ್ಲಿ ಮೊದಲನೆಯದು ಪೆನ್ಷನ್, ಎರಡನೆಯದು ಸ್ಕಾಲರ್‌ಶಿಪ್, ಮೂರನೆಯದು ವೇಜ್. ಒಂದು ವಯಸ್ಸಿಗೆ ಸಿಗುವ ಆಸರೆ, ಇನ್ನೊಂದು ಓದಿಗೆ ಸಿಗುವ ನೆರವು, ಮತ್ತೊಂದು ಬೆವರಿಗೆ ಸಿಗುವ ಬೆಲೆ. ಇವಿಷ್ಟನ್ನೂ ಒಂದೇ ಚೀಲಕ್ಕೆ ತುಂಬಿರುವ ನಮ್ಮ ಕಚೇರಿ ಭಾಷೆ, ವರ್ಷವಿಡೀ ಬೆಳಗಾದರೆ ಕೆಲಸಕ್ಕೆ ಹೊರಡುವ ನಿಮ್ಮ ಪತ್ನಿಯ ಹಣಕ್ಕೆ ಮಾತ್ರ ‘ವೇತನ’ ಎನ್ನುವುದಿಲ್ಲ, ‘ಗೌರವಧನ’ ಎನ್ನುತ್ತದೆ. ಈ ವಿಚಿತ್ರಕ್ಕೆ ಆಮೇಲೆ ಬರುತ್ತೇನೆ.

ಈ ಪದದಿಂದ ಪೆಟ್ಟು ತಿಂದವರಲ್ಲಿ ನಾನೂ ಒಬ್ಬ. ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ದಿನಗಳಲ್ಲಿ ಪರಿಚಯದ ಹೆಂಗಸೊಬ್ಬರ ದಾಖಲೆಯೊಂದನ್ನು ಹೊರದೇಶದ ಕಚೇರಿಯೊಂದಕ್ಕಾಗಿ ಅನುವಾದಿಸಿ ಕೊಟ್ಟಿದ್ದೆ. ಅದರಲ್ಲಿ ‘ನಿರ್ಗತಿಕ ವಿಧವಾ ವೇತನ’ ಎಂದಿತ್ತು. ಅವಸರದಲ್ಲಿದ್ದ ನಾನು ‘ವೇತನ’ ಕಂಡ ಕೂಡಲೇ ‘ಸ್ಯಾಲರಿ’ ಎಂದು ಬರೆದುಬಿಟ್ಟೆ. ಕೆಲವು ವಾರಗಳ ನಂತರ ಕಾಗದ ಹಿಂದಿರುಗಿತು. ಆ ಪದದ ಸುತ್ತ ಪೆನ್ಸಿಲಿನಲ್ಲಿ ಒಂದು ಸುತ್ತು, ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ ಒಂದು ಪ್ರಶ್ನೆ: ಇವರಿಗೆ ಸಂಬಳ ಕೊಡುವ ಮಾಲೀಕರು ಯಾರು? ಕೇಳಿದವರ ತಪ್ಪೇನೂ ಇರಲಿಲ್ಲ. ಸ್ಯಾಲರಿ ಎಂದ ಮೇಲೆ ಕೊಡುವವನೊಬ್ಬ ಇರಬೇಕು, ಕೆಲಸವೊಂದು ಇರಬೇಕು. ಅಂದಿನಿಂದ ‘ವೇತನ’ ಕಂಡರೆ ನಾನು ಪೆನ್ನು ಕೆಳಗಿಟ್ಟು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಕೊಡುವವರು ಯಾರು, ಯಾತಕ್ಕಾಗಿ ಕೊಡುತ್ತಾರೆ, ಯಾವ ಲೆಕ್ಕದಲ್ಲಿ ಕೊಡುತ್ತಾರೆ. ನಿಮ್ಮ ಮಗಳಿಗೂ ಇದೇ ಸಾಕು. ಕಚೇರಿಯ ಪದವನ್ನು ಪಕ್ಕಕ್ಕಿಟ್ಟು, ಅದೇ ಹಣವನ್ನು ಮನೆಯಲ್ಲಿ ಏನೆಂದು ಕರೆಯುತ್ತೀರಿ ಎಂದು ಮೊದಲು ನೋಡಿಕೊಳ್ಳಲಿ. ಮನೆಮಾತಿನಲ್ಲಿ ಈ ವ್ಯತ್ಯಾಸಗಳು ಬಹುಪಾಲು ಹಾಗೆಯೇ ಉಳಿದಿವೆ.

ಮೊದಲು ‘ಸ್ಯಾಲರಿ’ ಮತ್ತು ‘ವೇಜ್’. ಮಂಡ್ಯದಲ್ಲಿ ಯಾರೂ ಆಲೆಮನೆಯ ಕೆಲಸಕ್ಕೆ ಸಂಬಳ ಎನ್ನುವುದಿಲ್ಲ, ಕೂಲಿ ಎನ್ನುತ್ತಾರೆ. ಬ್ಯಾಂಕಿನವರ ಹಣಕ್ಕೆ ಯಾರೂ ಕೂಲಿ ಎನ್ನುವುದಿಲ್ಲ, ಸಂಬಳ ಎನ್ನುತ್ತಾರೆ. ಇಂಗ್ಲಿಷಿನ ವ್ಯತ್ಯಾಸವೂ ಹೆಚ್ಚುಕಡಿಮೆ ಇಷ್ಟೇ. ಗಂಟೆಯ, ದಿನದ, ವಾರದ ಅಥವಾ ಮಾಡಿದ ಕೆಲಸದ ಅಳತೆಯ ಮೇಲೆ ಸಿಗುವುದು ವೇಜ್. ವರ್ಷಕ್ಕೆ ಇಂತಿಷ್ಟು ಎಂದು ಗೊತ್ತುಮಾಡಿ ತಿಂಗಳ ಕಂತಿನಲ್ಲಿ ಕೊಡುವುದು ಸ್ಯಾಲರಿ. ಕಬ್ಬು ಕಡಿಯುವ ತಂಡಕ್ಕೆ ಟನ್ನಿನ ಲೆಕ್ಕದಲ್ಲಿ ಕೊಡುವ ಹಣವೂ ವೇಜ್. ಸುಲಭದ ಪರೀಕ್ಷೆಯೊಂದಿದೆ. ಕೆಲಸವಿಲ್ಲದ ಭಾನುವಾರಕ್ಕೂ ಹಣ ಬರುತ್ತದೆಯೇ? ಬಂದರೆ ಸಾಮಾನ್ಯವಾಗಿ ಅದು ಸ್ಯಾಲರಿ, ಬಾರದಿದ್ದರೆ ವೇಜ್. ಆದ್ದರಿಂದ ನಿಮ್ಮ ಆಲೆಮನೆಯ ಹಣ ‘ವೇಜಸ್’ ಕಾಲಂಗೆ ಹೋಗಬೇಕು, ದಿನಗೂಲಿಯನ್ನು ಕೆಲಸ ಸಿಕ್ಕ ದಿನಗಳಿಂದ ಮಾತ್ರ ಗುಣಿಸಿ. 365ರಿಂದ ಗುಣಿಸಿ ತಮ್ಮ ಮನೆಯನ್ನು ಕಾಗದದಲ್ಲಿ ಸಿರಿವಂತ ಮಾಡಿಕೊಂಡವರನ್ನು ನಾನು ಕಂಡಿದ್ದೇನೆ.

ಪದಗಳ ಹುಟ್ಟನ್ನು ನೋಡಿದರೆ ಈ ಅಂತರ ಇನ್ನೂ ನಿಚ್ಚಳವಾಗುತ್ತದೆ. ‘ವೇಜ್’ ಹಳೆಯ ಫ್ರೆಂಚಿನಿಂದ ಬಂದ ಪದ. ಅಲ್ಲಿ ಅದಕ್ಕೆ ಅಡವು, ಒತ್ತೆ, ಮಾತು ಉಳಿಸಿಕೊಳ್ಳುವುದಕ್ಕೆ ಇಟ್ಟ ಈಡು ಎಂಬ ಅರ್ಥವಿತ್ತು. ಪಣ ಕಟ್ಟುವುದಕ್ಕೆ ಬಳಸುವ ‘ವೇಜರ್’ ಅದೇ ಬಳ್ಳಿಯದು. ಅಡಮಾನಕ್ಕೆ ಹೇಳುವ ‘ಮಾರ್ಟ್‌ಗೇಜ್’ ಎಂಬುದರ ಕೊನೆಯ ಭಾಗವೂ ಅದೇ. ಕಟಾವಿನ ತಂಡಕ್ಕೆ ಮುಂಗಡ ಕೊಟ್ಟು ಸೀಸನ್ ಮುಗಿಯುವವರೆಗೆ ಕಟ್ಟಿಹಾಕುವುದನ್ನು ಕಂಡಿರುವ ನಿಮಗೆ, ಕೂಲಿಗೂ ಒತ್ತೆಗೂ ಇರುವ ಈ ನಂಟನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ‘ಸ್ಯಾಲರಿ’ ಲ್ಯಾಟಿನ್ನಿನ ‘ಸಲಾರಿಯಂ’ ಎಂಬುದರಿಂದ ಬಂದದ್ದು, ಅದಕ್ಕೂ ಉಪ್ಪಿಗೂ ಸಂಬಂಧವಿದೆ ಎಂಬುದು ನಿಜ. ಆದರೆ ರೋಮನ್ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಅಳೆದು ಕೊಡುತ್ತಿದ್ದರು ಎಂಬ ಕಥೆಗೆ ಪ್ರಾಚೀನ ಬರಹಗಳಲ್ಲಿ ಆಧಾರವಿಲ್ಲ. ಶಾಲೆಗಳಲ್ಲಿ ಅದನ್ನು ಹೇಳುತ್ತಲೇ ಇರುತ್ತಾರೆ, ನಾನೂ ಹಲವು ವರ್ಷ ಹೇಳಿದೆ. ನಮ್ಮ ‘ಸಂಬಳ’ದ ಮೂಲ ಇದಕ್ಕಿಂತ ಸೊಗಸಾಗಿದೆ: ಸಂಸ್ಕೃತದಲ್ಲಿ ಶಂಬಲ ಅಥವಾ ಸಂಬಲವೆಂದರೆ ಪಯಣಕ್ಕೆ ಕಟ್ಟಿಕೊಂಡು ಹೋಗುವ ದಾರಿಬುತ್ತಿ. ತಿಂಗಳೆಂಬ ದಾರಿ ಮುಗಿಯುವ ಮೊದಲೇ ಬುತ್ತಿ ಖಾಲಿಯಾಗುವುದು ಬೇರೆ ಮಾತು.

‘ಪೇ’ ಎಂಬುದು ಇವೆಲ್ಲಕ್ಕೂ ಕೊಡೆಯಂತಿರುವ ಪದ. ಕೂಲಿಯೂ ಪೇ, ಸಂಬಳವೂ ಪೇ. ಅದರ ಮೂಲದಲ್ಲಿರುವುದು ಶಾಂತಗೊಳಿಸು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ; ಸಾಲ ಕೊಟ್ಟವನನ್ನು ಸಮಾಧಾನಪಡಿಸುವುದೇ ಮುಂದೆ ಹಣ ಪಾವತಿಯಾಯಿತು. ಅದೇ ಕ್ರಿಯಾಪದ ಪೋರ್ಚುಗೀಸಿನಲ್ಲಿ ‘ಪಗಾರ್’ ಆಗಿ, ಮರಾಠಿಯ ಮೂಲಕ ಉತ್ತರ ಕರ್ನಾಟಕಕ್ಕೆ ‘ಪಗಾರ’ವಾಗಿ ಬಂದಿದೆ. ಹುಬ್ಬಳ್ಳಿಯವರ ಪಗಾರವೂ ಲಂಡನ್ನಿನವರ ಪೇ ಕೂಡ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು ಎಂದರೆ ನಮ್ಮ ಕಡೆಯವರು ನಂಬುವುದಿಲ್ಲ.

ಕಾನೂನು ಪುಸ್ತಕ ತೆರೆದು ಈ ವ್ಯತ್ಯಾಸವನ್ನು ಖಚಿತಪಡಿಸಿಕೊಳ್ಳಲು ಹೋಗಬೇಡಿ. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ‘ಸ್ಯಾಲರಿ’ ಎಂಬುದರೊಳಗೆ ವೇಜಸ್ ಸೇರುತ್ತದೆ, ಪೆನ್ಷನ್ ಕೂಡ ಸೇರುತ್ತದೆ. 2019ರ ವೇತನ ಸಂಹಿತೆಯ ಪ್ರಕಾರ ‘ವೇಜಸ್’ ಎಂಬುದರೊಳಗೆ ಸ್ಯಾಲರಿ ಸೇರುತ್ತದೆ. ಒಂದು ಕಾನೂನಿನ ಹಾವು ಇನ್ನೊಂದರ ಬಾಲವನ್ನು ನುಂಗುತ್ತಿದೆ. ಕಾನೂನು ತನ್ನ ಉದ್ದೇಶಕ್ಕೆ ತಕ್ಕಂತೆ ಪದವನ್ನು ಹಿಗ್ಗಿಸಿಕೊಳ್ಳುತ್ತದೆ; ನಿಮ್ಮ ಮಗಳು ತುಂಬುತ್ತಿರುವುದು ವಾಡಿಕೆಯ ಇಂಗ್ಲಿಷಿನ ಫಾರಂ.

ಇಲ್ಲೊಂದು ಎಚ್ಚರಿಕೆ. ತಂದೆಯ ಉದ್ಯೋಗವೆಂಬಲ್ಲಿ ನಮ್ಮ ಕಡೆ ಇಂಗ್ಲಿಷ್ ಕಾಗದಗಳಲ್ಲಿಯೂ ‘ಕೂಲಿ’ ಎಂದೇ ಬರೆಯುವ ರೂಢಿಯಿದೆ. ಕನ್ನಡದಲ್ಲಿ ಕೂಲಿ ಎಂಬುದು ದುಡಿಮೆಗೆ ಸಂದ ಹಣ, ಅದರಲ್ಲಿ ಕೀಳೇನೂ ಇಲ್ಲ. ಆದರೆ 1834ರಿಂದ ಮಾರಿಷಸ್ಸಿಗೆ, ಮುಂದೆ ಫಿಜಿ, ದಕ್ಷಿಣ ಆಫ್ರಿಕಾಗಳಿಗೆ ಕರಾರಿನ ಮೇಲೆ ಹಡಗು ಹತ್ತಿಸಿದ ನಮ್ಮ ಜನರಿಗೆ ಬಿಳಿಯರು ಅದನ್ನೇ ಹೆಸರಾಗಿ ಅಂಟಿಸಿದ್ದರಿಂದ, ಇಂಗ್ಲಿಷಿನಲ್ಲಿ ಅದು ಬೈಗುಳವಾಗಿ ಉಳಿದಿದೆ. ‘ಡೈಲಿ ವೇಜ್ ವರ್ಕರ್’ ಎಂದು ಬರೆಯಲಿ. ಅದಕ್ಕೂ ಮೊದಲು ‘ಫಾರ್ಮರ್’ ಎಂದು ಬರೆಯಲಿ, ಏಕೆಂದರೆ ನೀವು ಮೊದಲು ರೈತರು.

ಈಗ ‘ಇನ್‌ಕಮ್’. ನಿಮ್ಮ ಫಾರಂನಲ್ಲಿ ಹೆಚ್ಚು ಯೋಚಿಸಬೇಕಾದ ಜಾಗ ಇದೇ. ಪದವೇ ಹೇಳುವಂತೆ ಅದು ಒಳಕ್ಕೆ ಬರುವುದು. ನಮ್ಮ ‘ವರಮಾನ’ವೂ ತಮಿಳಿನ ‘ವರುಮಾನಂ’ ಎಂಬುದರ ಹಾಗೆ ಬರುವುದನ್ನೇ ಹೇಳುತ್ತದೆ. ಎಲ್ಲಿಂದ ಬಂತು ಎಂಬುದನ್ನು ಇನ್‌ಕಮ್ ಕೇಳುವುದಿಲ್ಲ: ಕೂಲಿ, ಬಡ್ಡಿ, ಬಾಡಿಗೆ, ಬೆಳೆ, ಪೆನ್ಷನ್ ಎಲ್ಲವೂ ಅದರೊಳಗೆ. ‘ಅರ್ನಿಂಗ್ಸ್’ ಹಾಗಲ್ಲ, ಮೈಮುರಿದೋ ತಲೆ ಓಡಿಸಿಯೋ ಗಳಿಸಿದ್ದು ಮಾತ್ರ ಅರ್ನಿಂಗ್ಸ್. ‘ನಿನ್ನ ಮಗ ತಿಂಗಳಿಗೆ ಎಷ್ಟು ದುಡೀತಾನೆ’ ಎಂದು ನಮ್ಮೂರಿನಲ್ಲಿ ಕೇಳುವಾಗ ಕೆಲಸವನ್ನೂ ಹಣವನ್ನೂ ಒಂದೇ ಮಾತಿನಲ್ಲಿ ಹಿಡಿಯುತ್ತೇವಲ್ಲ, ಆ ‘ದುಡಿಮೆ’ಗೆ ಅರ್ನಿಂಗ್ಸ್ ತಕ್ಕ ಪದ. ಮನೆ ಬಾಡಿಗೆಯನ್ನು ಯಾರೂ ದುಡಿಮೆ ಎನ್ನುವುದಿಲ್ಲ. ಇಂಗ್ಲಿಷಿನಲ್ಲಿಯೂ ಅದು ಇನ್‌ಕಮ್ ಹೌದು, ಅರ್ನಿಂಗ್ಸ್ ಅಲ್ಲ. ನಿಮ್ಮ ತಾಯಿಯವರ ಪೆನ್ಷನ್ನೂ ಹಾಗೆಯೇ.

ಕಬ್ಬಿನ ಹಣ? ಅದು ಕೂಲಿಯಲ್ಲ, ಸಂಬಳವಲ್ಲ. ಕಾರ್ಖಾನೆಯ ಬಟವಾಡೆಯಲ್ಲಿ ನಿಮ್ಮ ಖಾತೆಗೆ ಬಂದದ್ದು ಮಾಲಿನ ಬೆಲೆ. 1966ರ ಕಬ್ಬು ನಿಯಂತ್ರಣ ಆದೇಶ ಕಬ್ಬು ಸರಬರಾಜಾದ 14 ದಿನಗಳೊಳಗೆ ಹಣ ಕೊಡಬೇಕೆನ್ನುವುದೂ ಬೆಲೆಯನ್ನು ಕುರಿತೇ. ಬಂದ ಬೆಲೆಯಷ್ಟೂ ಇನ್‌ಕಮ್ ಅಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಬಿಲ್ಲಿನಲ್ಲಿ 2,40,000 ರೂಪಾಯಿ ಬಂತು ಎಂದಿಟ್ಟುಕೊಳ್ಳಿ. ಅದರಲ್ಲಿ ಕಟಾವು ಕೂಲಿ ಮತ್ತು ಸಾಗಣೆಗೆ 60,000, ಬಿತ್ತನೆ ಕಬ್ಬು, ಗೊಬ್ಬರ, ಔಷಧಿಗೆ 45,000, ಉಳುಮೆ ಮತ್ತು ಕಳೆಗೆ 25,000 ಹೋದರೆ ಉಳಿಯುವುದು 1,10,000. ಮೊದಲ ಮೊತ್ತವನ್ನು ಇಂಗ್ಲಿಷಿನಲ್ಲಿ ‘ಗ್ರಾಸ್ ರಿಸೀಟ್ಸ್’ ಎನ್ನುತ್ತಾರೆ, ಕೊನೆಯದನ್ನು ‘ನೆಟ್ ಇನ್‌ಕಮ್’. ಫಾರಂನಲ್ಲಿ ಕೃಷಿ ಅಥವಾ ವ್ಯಾಪಾರದ ಆದಾಯವೆಂಬ ಕಾಲಂ ಇದ್ದರೆ ನಿವ್ವಳವನ್ನು ಅಲ್ಲಿ ಬರೆದು, ಖರ್ಚಿನ ವಿವರವನ್ನು ಪ್ರತ್ಯೇಕ ಹಾಳೆಯಲ್ಲಿ ಲಗತ್ತಿಸಲಿ. ಸಂಬಳದ ಕಾಲಂನಲ್ಲಿ ಇದಕ್ಕೆ ತದ್ವಿರುದ್ಧ: ಬೇರೆ ಸೂಚನೆ ಇಲ್ಲದಿದ್ದರೆ ಅಲ್ಲಿ ಕೇಳುವುದು ಕಡಿತಕ್ಕೆ ಮೊದಲಿನ ಒಟ್ಟು ಮೊತ್ತವನ್ನು, ಕೈಗೆ ಬಂದದ್ದನ್ನಲ್ಲ.

ಕೃಷಿ ಆದಾಯಕ್ಕೆ ನಮ್ಮಲ್ಲಿ ಕೇಂದ್ರದ ಆದಾಯ ತೆರಿಗೆ ಇಲ್ಲದಿರುವುದರಿಂದ ಅದನ್ನು ‘ನಿಲ್’ ಎಂದು ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ತೆರಿಗೆ ಇಲ್ಲವೆಂದರೆ ಆದಾಯವೇ ಇಲ್ಲವೆಂದಲ್ಲ. ಅರ್ಜಿಯನ್ನು ಓದುವವರು ಎರಡು ಎಕರೆ ಜಮೀನಿದೆ ಎಂದು ಒಂದು ಕಡೆ, ಆದಾಯ ಸೊನ್ನೆ ಎಂದು ಇನ್ನೊಂದು ಕಡೆ ಕಂಡರೆ, ಉಳಿದ ಅಂಕಿಗಳನ್ನೂ ಅನುಮಾನಿಸುತ್ತಾರೆ. ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರದ ಮೊತ್ತಕ್ಕೂ ನಿಮ್ಮ ಈ ಲೆಕ್ಕಕ್ಕೂ ವ್ಯತ್ಯಾಸವಿದ್ದರೆ ಅದಕ್ಕೊಂದು ಸಾಲಿನ ವಿವರಣೆ ಕೊಡುವುದು ಮೇಲು.

ಇನ್ನು ನಿಮ್ಮ ಪತ್ನಿಯ ಗೌರವಧನ. ಇಂಗ್ಲಿಷಿನ ‘ಆನರೇರಿಯಂ’ ಎಂದರೆ ವಾಸ್ತವವಾಗಿ ಬೆಲೆ ಕಟ್ಟದ ಸೇವೆಗೆ ಮರ್ಯಾದೆಯ ಕುರುಹಾಗಿ ಕೊಡುವ ಅಲ್ಪ ಹಣ: ಸಮಾರಂಭಕ್ಕೆ ಬಂದು ಒಂದು ಗಂಟೆ ಭಾಷಣ ಮಾಡಿದವರಿಗೆ ಹಾರ, ಹಣ್ಣಿನ ಬುಟ್ಟಿಯ ಜೊತೆ ಕೊಡುವ ಲಕೋಟೆ ಇದ್ದಂತೆ. ಪ್ರತಿದಿನ ಮಕ್ಕಳನ್ನು ಕರೆತಂದು, ಅಡುಗೆ ಮಾಡಿ, ಉಣಿಸಿ, ಪಾತ್ರೆ ತೊಳೆದು ಮನೆಗೆ ಬರುವವರ ಹಣವನ್ನು ಆ ಹೆಸರಿನಿಂದ ಕರೆಯುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಹೆಸರು ಹಾಗಿರುವುದಕ್ಕೆ ಕಾರಣವಿದೆ: ಗೌರವಧನ ಪಡೆಯುವವರು ನೌಕರರಲ್ಲ, ಸ್ವಯಂಸೇವಕರು ಎಂಬುದು ಸರ್ಕಾರಗಳ ವಾದ. ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದಿತ್ತು. ಆದರೆ ಗುಜರಾತಿನ ಮೊಕದ್ದಮೆಯೊಂದರಲ್ಲಿ 2022ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ, ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ, ಗೌರವಧನವೆಂದು ಕರೆದರೂ ಆ ಕಾಯ್ದೆಯ ಮಟ್ಟಿಗೆ ಅದು ‘ವೇಜಸ್’ ಎಂಬ ಪದದೊಳಗೆ ಬರುತ್ತದೆ ಎಂದು ತೀರ್ಪಿತ್ತಿತು. ಒಂದು ಪದದ ಅರ್ಥ ಹಿಗ್ಗಿದ್ದಕ್ಕೆ ಸಾವಿರಾರು ಹೆಂಗಸರಿಗೆ ಮುಪ್ಪಿನ ಕಾಲದ ಹಣದ ಹಕ್ಕು ದೊರೆಯಿತು. ಹೀಗಾಗಿ ಮಗಳು ಮೊತ್ತವನ್ನು ‘ವೇಜಸ್’ ಕಾಲಂನಲ್ಲಿಯೇ ತೋರಿಸಲಿ. ಇಲಾಖೆಯ ಕಾಗದದಲ್ಲಿ ‘ಆನರೇರಿಯಂ’ ಎಂದಿರುವುದರಿಂದ ಪಕ್ಕದಲ್ಲಿ ಆ ಪದವನ್ನೂ ಸೂಚಿಸಲಿ.

ಉಳಿದ ಕೆಲವು ಪದಗಳು ಹೆಚ್ಚು ಹೊತ್ತು ಬೇಡುವುದಿಲ್ಲ. ವಕೀಲರಿಗೆ, ವೈದ್ಯರಿಗೆ, ನಟರಿಗೆ ಒಂದೊಂದು ಕೆಲಸಕ್ಕೆ ಸಲ್ಲುವುದು ‘ಫೀ’. ನಾವು ನಟರ ವಿಷಯದಲ್ಲಿ ಸಂಭಾವನೆ ಎನ್ನುತ್ತೇವೆ. ತರಬೇತಿಯಲ್ಲಿರುವವರ, ಸಂಶೋಧನೆ ಮಾಡುವವರ ಜೀವನ ನಿರ್ವಹಣೆಗೆ ಕೊಡುವುದು ‘ಸ್ಟೈಪೆಂಡ್’. ಓದಿನ ಯೋಗ್ಯತೆಯನ್ನೋ ಅಗತ್ಯವನ್ನೋ ನೋಡಿ ಕೊಡುವುದು ‘ಸ್ಕಾಲರ್‌ಶಿಪ್’. ನಿಮ್ಮ ಮಗಳಿಗೆ ಅಲ್ಲಿಂದ ಬರುವ ಪತ್ರದಲ್ಲಿ ಎರಡೂ ಪದಗಳು ಇರಬಹುದು. ಶುಲ್ಕಕ್ಕೆ ವಜಾ ಆಗುವುದು ಯಾವುದು, ಊಟ ವಸತಿಗೆ ಕೈಗೆ ಬರುವುದು ಯಾವುದು ಎಂಬುದನ್ನು ಆಗ ನೋಡಿಕೊಳ್ಳಬೇಕು.

ಬಡತನದ ಪದಗಳಿಗೆ ಬರೋಣ. ‘ಪೂರ್’ ಎಂಬುದಕ್ಕೆ ‘ಬಡ’ ಎಂದು ಕಲಿತಿರುತ್ತೇವೆ. ನಮ್ಮ ‘ಬಡ’ದಲ್ಲಿ ಹಣವಿಲ್ಲದಿರುವುದರ ಜೊತೆಗೆ ಮೈ ಸೊರಗಿರುವುದೂ ಇದೆ: ಬಡಕಲು ಎನ್ನುತ್ತೇವೆ, ಜ್ವರ ಬಂದು ಬಡವಾದ ಎನ್ನುತ್ತೇವೆ. ಪಾಂಡವಪುರದ ಕಡೆಯ ಹುಡುಗನೊಬ್ಬ ಪ್ರಬಂಧದಲ್ಲಿ, ಬೇಸಿಗೆಯಲ್ಲಿ ಮೇವಿಲ್ಲದೆ ನಮ್ಮ ಹಸು ‘ಪೂರ್’ ಆಯಿತು ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಹಸುವಿಗೆ ಬ್ಯಾಂಕ್ ಖಾತೆ ಇತ್ತೇ ಎಂದು ಅಂಚಿನಲ್ಲಿ ಬರೆದು ತರಗತಿಯನ್ನು ನಗಿಸಿದೆ. ಎಷ್ಟೋ ವರ್ಷಗಳ ಮೇಲೆ ದೊಡ್ಡ ಇಂಗ್ಲಿಷ್ ನಿಘಂಟೊಂದನ್ನು ತಿರುವುತ್ತಿದ್ದಾಗ ಕಣ್ಣಿಗೆ ಬಿತ್ತು: ದನಕರು ಸೊರಗಿದ್ದಕ್ಕೆ ಇಂಗ್ಲಿಷ್ ರೈತರೂ ‘ಪೂರ್’ ಎಂದೇ ಹೇಳುತ್ತಿದ್ದರಂತೆ, 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಫರೋಹನ ಕನಸಿನ ಬಡಕಲು ಹಸುಗಳಿಗೂ ಇದೇ ಪದವಿದೆ. ಆ ಹುಡುಗ ಎಲ್ಲಿದ್ದಾನೋ, ಅವನಿಗೆ ಎರಡು ಅಂಕ ಕೊಡುವುದು ಬಾಕಿ ಇದೆ. ಆದರೂ ಇಂದಿನ ಬಳಕೆಯಲ್ಲಿ ಮನುಷ್ಯರ ವಿಷಯದಲ್ಲಿ ಅದನ್ನು ಅನುಸರಿಸಬಾರದು, ಸೊರಗಿದ ತಂದೆಯನ್ನು ‘ಪೂರ್’ ಎಂದರೆ ಹಣವಿಲ್ಲದವರು ಎಂದೇ ಅರ್ಥವಾಗುತ್ತದೆ. ಬಡವರೆಲ್ಲರನ್ನೂ ಸೇರಿಸಿ ಹೇಳುವಾಗ ‘ದ ಪೂರ್’ ಎನ್ನಬೇಕು. ಒಬ್ಬ ಬಡವನಿಗೆ ‘ಎ ಪೂರ್’ ಎನ್ನುವಂತಿಲ್ಲ, ‘ಪೂರ್ಸ್’ ಎಂಬ ಬಹುವಚನವಂತೂ ಇಲ್ಲವೇ ಇಲ್ಲ. ಇನ್ನೊಂದು ಹೆಜ್ಜೆ ತಪ್ಪಿದರೆ ಅದೇ ಪದ ಅಯ್ಯೋ ಪಾಪ ಎಂಬ ಮರುಕವಾಗುತ್ತದೆ, ಮತ್ತೊಂದು ಹೆಜ್ಜೆಗೆ ಕಳಪೆ ಎಂದಾಗುತ್ತದೆ. ‘ಪೂರ್ ಸ್ಟೂಡೆಂಟ್’ ಎಂದರೆ ಬಡ ವಿದ್ಯಾರ್ಥಿನಿಯೋ ದಡ್ಡ ವಿದ್ಯಾರ್ಥಿನಿಯೋ ಓದುವವರಿಗೆ ತಿಳಿಯುವುದಿಲ್ಲ. ಅರ್ಜಿಯಲ್ಲಿ ಈ ಜೋಡಿಪದ ಖಂಡಿತ ಬೇಡ.

‘ಡೆಸ್ಟಿಟ್ಯೂಟ್’ ನಿಮಗೆ ಸಲ್ಲದು. ಲ್ಯಾಟಿನ್ನಿನಲ್ಲಿ ಅದಕ್ಕೆ ಕೈಬಿಟ್ಟದ್ದು ಎಂಬ ಅರ್ಥ. ಅನ್ನ, ಸೂರು, ನೋಡಿಕೊಳ್ಳುವವರು ಯಾವುದೂ ಇಲ್ಲದ ಸ್ಥಿತಿ ಅದು. ನಮ್ಮ ‘ನಿರ್ಗತಿಕ’ ಅದಕ್ಕೆ ಚೆನ್ನಾಗಿ ಹೊಂದುತ್ತದೆ, ಗತಿಯಿಲ್ಲದವರು. ಜಮೀನಿದ್ದು, ಇಬ್ಬರು ದುಡಿಯುತ್ತಿರುವ ಮನೆ ನಿರ್ಗತಿಕವಲ್ಲ. ಇಂಗ್ಲಿಷರು ಈ ಗೆರೆಯನ್ನು ಎಳೆದದ್ದು ಹಣ ಉಳಿಸುವುದಕ್ಕಾಗಿ. 1601ರ ಬಡವರ ಕಾನೂನಿನ ಪ್ರಕಾರ ಊರಿನ ತೆರಿಗೆಯಿಂದ ನೆರವು ಪಡೆಯುತ್ತಿದ್ದವರು ‘ಪಾಪರ್’ ಎನಿಸಿಕೊಂಡರು. ಖರ್ಚು ಏರಿದಾಗ, ಅಲ್ಲಿನ ಚಿಂತಕ ಜೆರೆಮಿ ಬೆಂಥಮ್ 1790ರ ದಶಕದಲ್ಲಿ, ದುಡಿದರೆ ಮಾತ್ರ ಉಣ್ಣಬಲ್ಲ ಸ್ಥಿತಿಗೆ ‘ಪಾವರ್ಟಿ’ ಎಂದೂ, ದುಡಿಯಲಾಗದೆಯೋ ದುಡಿದರೂ ಸಾಲದೆಯೋ ಉಣ್ಣಲಾಗದ ಸ್ಥಿತಿಗೆ ‘ಇಂಡಿಜೆನ್ಸ್’ ಎಂದೂ ಬೇರ್ಪಡಿಸಿದ. ನೆರವು ಎರಡನೆಯದಕ್ಕೆ ಮಾತ್ರ. 1834ರ ಕಾನೂನು ಈ ವಿಂಗಡಣೆಯ ಮೇಲೆಯೇ ನಿಂತಿತು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ ಕೋರ್ಟು ಶುಲ್ಕ ಕಟ್ಟಲಾಗದವರಿಗೆ ‘ಪಾಪರ್’ ಎಂದೇ ಇತ್ತು. 1976ರ ತಿದ್ದುಪಡಿ ಅದನ್ನು ತೆಗೆದು ‘ಇಂಡಿಜೆಂಟ್ ಪರ್ಸನ್’ ಎಂದು ಮಾಡಿತು.

ತಿಂಗಳ ಕೊನೆಯಲ್ಲಿ ಕೈ ಖಾಲಿಯಾದದ್ದಕ್ಕೆ ಆಡುಮಾತಿನ ‘ಬ್ರೋಕ್’ ಇದೆ, ಅರ್ಜಿಯಲ್ಲಿ ಬಳಸುವಂತಿಲ್ಲ. ‘ಇನ್‌ಸಾಲ್ವೆಂಟ್’ ಎಂದರೆ ಸಾಲ ತೀರಿಸಲಾಗದವರು, ‘ಬ್ಯಾಂಕ್ರಪ್ಟ್’ ಎಂದರೆ ಕಾನೂನು ಹಾಗೆಂದು ಘೋಷಿಸಿದವರು. ನಾವು ಎರಡಕ್ಕೂ ದಿವಾಳಿ ಎಂದು ಮುಗಿಸುತ್ತೇವೆ.

ಹಾಗಾದರೆ ಆ ಪುಟದಲ್ಲಿ ಏನು ಬರೆಯಬೇಕು? ವಿಶೇಷಣವನ್ನೇ ಬಿಟ್ಟುಬಿಡಲಿ ಎಂಬುದು ನನ್ನ ಅಭಿಪ್ರಾಯ. ಬೇಕೇ ಬೇಕೆಂದರೆ ‘ಲೋ ಇನ್‌ಕಮ್ ಫ್ಯಾಮಿಲಿ’ ಎಂಬುದು ಸಪ್ಪೆಯಾದರೂ ನಿಖರ, ಓದುವವರ ಮರುಕವನ್ನು ಬೇಡುವುದಿಲ್ಲ. ಬಿಪಿಎಲ್ ಕಾರ್ಡಿದೆ ಎಂದಷ್ಟೇ ಬರೆದರೆ ಅಲ್ಲಿಯವರಿಗೆ ಏನೂ ತಿಳಿಯದು, ತಪ್ಪೂ ತಿಳಿಯಬಹುದು. ಬಡತನದ ರೇಖೆಯನ್ನು ನಮ್ಮ ದೇಶದಲ್ಲಿ ಅಳೆದುಕೊಂಡು ಬಂದಿರುವುದು ಮನೆಯ ಖರ್ಚಿನಿಂದ. ಅರ್ಥಶಾಸ್ತ್ರಜ್ಞ ಸುರೇಶ್ ತೆಂಡೂಲ್ಕರ್ ಅವರ ಸಮಿತಿಯ ವಿಧಾನದಂತೆ 2011–12ರಲ್ಲಿ ಅದು ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ 816 ರೂಪಾಯಿ, ಪಟ್ಟಣದಲ್ಲಿ 1,000 ರೂಪಾಯಿ. ಕರ್ನಾಟಕದಲ್ಲಿ ಕಾರ್ಡು ಕೊಡುವುದಾದರೋ ಮನೆಯ ವಾರ್ಷಿಕ ಆದಾಯ 1,20,000 ರೂಪಾಯಿ ಮೀರಬಾರದು ಎಂಬ ಆದಾಯದ ಅಳತೆಯಿಂದ. ಎರಡರ ಹೆಸರೂ ‘ಪಾವರ್ಟಿ ಲೈನ್’ ಆದರೂ ಗೆರೆಗಳು ಬೇರೆ. ಆದ್ದರಿಂದ ಕಾರ್ಡಿನ ಹೆಸರು ಹೇಳಿ, ಅದು ಪಡಿತರಕ್ಕಾಗಿ ರಾಜ್ಯ ಸರ್ಕಾರ ಕೊಟ್ಟದ್ದೆಂದು ಒಂದು ವಾಕ್ಯ ಸೇರಿಸಬೇಕು. ನಿಮ್ಮ ಮನೆಯ ಒಟ್ಟು ಲೆಕ್ಕ ಆ ಮಿತಿಯನ್ನು ದಾಟಿದರೆ ಕಾರ್ಡಿನ ವಿಷಯವನ್ನು ಎತ್ತದಿರುವುದೇ ಒಳ್ಳೆಯದು.

ಮಗಳು ಹೀಗೆ ಆರಂಭಿಸಬಹುದು: ನಮ್ಮ ಮನೆಯಲ್ಲಿ ನಾಲ್ವರು. ಎರಡು ಎಕರೆಯಲ್ಲಿ ಕಬ್ಬು ಬೆಳೆಯುತ್ತೇವೆ. ಕಟಾವಾಗಲು ಸುಮಾರು ಒಂದು ವರ್ಷ ಬೇಕು, ಹಣ ಬರುವುದು ಆಮೇಲೆ. ನಡುವಿನ ತಿಂಗಳುಗಳನ್ನು ಅಪ್ಪನ ಆಲೆಮನೆ ಕೂಲಿ, ಅಮ್ಮನ ಅಂಗನವಾಡಿ ಹಣ ಮತ್ತು ಅಜ್ಜಿಯ ಪೆನ್ಷನ್ನಿನಿಂದ ದಾಟಿಸುತ್ತೇವೆ. ಇದನ್ನು ಮೊದಲು ಕನ್ನಡದಲ್ಲಿ ಬರೆದು, ನಿಮ್ಮ ತಾಯಿಯವರಿಗೆ ಓದಿ ಹೇಳಿ, ಲೆಕ್ಕ ಸರಿಯಿದೆ ಎಂದು ಅವರು ಒಪ್ಪಿದ ಮೇಲೆ ಇಂಗ್ಲಿಷಿಗೆ ತಿರುಗಿಸಲಿ. ಆಲೆಮನೆಯ ಕೂಲಿಗೆ ಚೀಟಿ ಇಲ್ಲವಾದರೆ ಮಾಲೀಕರಿಂದ ಎಷ್ಟು ದಿನ, ದಿನಕ್ಕೆ ಎಷ್ಟು ಎಂದು ಒಂದು ಕಾಗದದಲ್ಲಿ ಬರೆಸಿಕೊಂಡು ಸಹಿ ಹಾಕಿಸಿ; ಅದರ ಅನುವಾದದಲ್ಲಿ ‘ವೇತನ’ವೆಂಬ ಪದ ಎಲ್ಲಿಯೂ ಬೇಕಾಗುವುದಿಲ್ಲ.